ಹೊಯ್ಸಳರ ಕಾಲದಲ್ಲಿ ಒಂದು ಪ್ರೇಮಕಥೆ: ಐತಿಹಾಸಿಕ ಪ್ರೇಮ ಕಾದಂಬರಿ ಬರೆಯಲು ಸಮಗ್ರ ಮಾರ್ಗದರ್ಶಿ

ಹಳೆಯ ಕಾಲದ ಪ್ರೇಮಕಥೆ ಬರೆಯಲು ಕುಳಿತವರು ಸಾಮಾನ್ಯವಾಗಿ ನಾಯಕಿಯ ಕಣ್ಣು, ನಾಯಕನ ಕತ್ತಿ, ಹುಣ್ಣಿಮೆ ರಾತ್ರಿಯಿಂದ ಶುರು ಮಾಡುತ್ತಾರೆ. ನಾಲ್ಕು ಅಧ್ಯಾಯ ಆಗುವಷ್ಟರಲ್ಲಿ ಕಥೆ ನಿಂತುಬಿಡುತ್ತದೆ. ಯಾಕೆಂದರೆ ಅವರಿಬ್ಬರು ಮದುವೆ ಆಗದಿರಲು ಗಟ್ಟಿ ಕಾರಣವೇ ಇರುವುದಿಲ್ಲ. ಅಪ್ಪ ಒಪ್ಪಲಿಲ್ಲ, ಖಳನಾಯಕ ಅಡ್ಡ ಬಂದ ಅನ್ನುವುದು ಯಾವ ಕಾಲದ ಕಥೆಗೂ ಹೊಂದುತ್ತದೆ. ಅದಕ್ಕೆ 12ನೇ ಶತಮಾನವೇ ಯಾಕೆ ಬೇಕು, ಅಲ್ವಾ?

ಈ ಮಾರ್ಗದರ್ಶಿಯಲ್ಲಿ ನಾನು ಒತ್ತಿ ಹೇಳುವುದು ಒಂದೇ. ಪ್ರೇಮಕ್ಕೆ ಬರುವ ತಡೆ ಆ ಕಾಲದ ಹೊಟ್ಟೆಯಿಂದಲೇ ಹುಟ್ಟಬೇಕು. ಆ ಕಾಲದ ಆಣೆ, ಧರ್ಮ, ಯುದ್ಧ, ಮಳೆ ಇವೇ ಕಥೆಯ ಗಂಟು ಕಟ್ಟಬೇಕು. ಹಾಗೆ ಮಾಡಿದರೆ ಅಧ್ಯಯನ ಮತ್ತು ಕಥೆ ಎರಡು ಬೇರೆ ಕೆಲಸ ಆಗುವುದಿಲ್ಲ. ಸುಮ್ನೆ ಸಿದ್ಧಾಂತ ಹೇಳುವ ಬದಲು ಒಂದು ಕಥೆಯನ್ನೇ ಕಟ್ಟುತ್ತಾ ಹೋಗೋಣ. ಕಾಲ ವಿಷ್ಣುವರ್ಧನನದು. ಊರು ಬೇಲೂರು.

ಹೆಜ್ಜೆ 1: ವರ್ಷ ಮತ್ತು ಊರು ಗೊತ್ತು ಮಾಡಿ

"ಹೊಯ್ಸಳರ ಕಾಲ" ಅಂದರೆ ಸಾಲದು. ಅದು ಮುನ್ನೂರು ವರ್ಷಕ್ಕೂ ಜಾಸ್ತಿ ಹರಡಿಕೊಂಡ ಕಾಲ. ಒಂದು ವರ್ಷ ಹಿಡಿಯಿರಿ. ಅದರ ಹಿಂದೆ ಮುಂದೆ ಒಂದೊಂದು ವರ್ಷ ಸೇರಿಸಿಕೊಳ್ಳಿ. ಒಂದು ಪ್ರೇಮಕಥೆಗೆ ಮೂರು ವರ್ಷ ಧಾರಾಳ ಸಾಕು.

ನಮ್ಮ ಕಥೆಗೆ 1116, 1117, 1118 ಇಟ್ಟುಕೊಳ್ಳೋಣ. 1116ರಲ್ಲಿ ವಿಷ್ಣುವರ್ಧನನ ಸೇನೆ ಚೋಳರಿಂದ ತಲಕಾಡನ್ನು ಗೆದ್ದಿತು. ದಂಡನಾಯಕ ಗಂಗರಾಜ ಅದರ ಮುಂದಾಳು. ರಾಜ "ತಲಕಾಡುಗೊಂಡ" ಅನ್ನುವ ಬಿರುದು ಧರಿಸಿ, ಅದನ್ನೇ ಚಿನ್ನದ ನಾಣ್ಯದ ಮೇಲೆ ಅಚ್ಚು ಹಾಕಿಸಿದ. 1117ರಲ್ಲಿ ಬೇಲೂರಿನ ದೇವಾಲಯದ ಪ್ರತಿಷ್ಠೆ ಆಯಿತು. 1118ರ ಹೊತ್ತಿಗೆ ಗಂಗರಾಜ ಕಣ್ಣೇಗಾಲ ಅನ್ನುವಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಸೇನೆಯ ಮೇಲೆ ರಾತ್ರಿ ಹೊತ್ತು ದಾಳಿ ಮಾಡಿ ಗೆದ್ದ. ಗೆಲುವು, ಹಬ್ಬ, ಮತ್ತೆ ಯುದ್ಧ. ಇತಿಹಾಸವೇ ಮೂರು ಅಂಕ ಹಾಕಿಕೊಟ್ಟಿದೆ.

ಇನ್ನೊಂದು ವಿಷಯ. ಆ ಕಾಲದವರಿಗೆ 1117 ಅನ್ನುವ ಸಂಖ್ಯೆಯೇ ಗೊತ್ತಿರಲಿಲ್ಲ. ಅವರಿಗೆ ಅದು ಶಕ 1039, ಹೇಮಲಂಬಿ ಸಂವತ್ಸರ. ಸಂವತ್ಸರ ಚಕ್ರ 60 ವರ್ಷದ್ದು. ಹಾಗಾಗಿ 2017ರ ಯುಗಾದಿಗೆ ಬಂದದ್ದೂ ಅದೇ ಹೇಮಲಂಬಿ, ಸರಿಯಾಗಿ 900 ವರ್ಷಗಳ ನಂತರ. ಮನೆಯ ಪಂಚಾಂಗದಿಂದ 60ರ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿ ನಿಮ್ಮ ಕಥೆಯ ಸಂವತ್ಸರ ಕಂಡುಕೊಳ್ಳಬಹುದು. ಪಾತ್ರಗಳು "ಹೇಮಲಂಬಿಯ ಚೈತ್ರದಲ್ಲಿ" ಅಂತ ಮಾತಾಡಿದರೆ ಓದುಗರಿಗೆ ಇಸವಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ರಾಜಮನೆತನವೇ ಬೇಡ, ಬೇರೆ ಕಾಲ ಬೇಕು ಅನ್ನುವವರಿಗೆ ಬಸವಣ್ಣನ ಕಲ್ಯಾಣ ಪಟ್ಟಣವಿದೆ. 1160ರ ದಶಕದಲ್ಲಿ ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಆದ ಮದುವೆ ಒಂದು ಊರನ್ನೇ ಹೊತ್ತಿಸಿತು ಎಂದು ಶರಣ ಪರಂಪರೆ ಹೇಳುತ್ತದೆ. ಆ ಕಥೆಗೆ ಬೇರೆಯದೇ ಧೈರ್ಯ ಬೇಕು.

ಹೆಜ್ಜೆ 2: ಶಾಸನ ಓದುವುದನ್ನು ಕಲಿಯಿರಿ

ಶಾಸನ ಅಂದ ಕೂಡಲೇ ಹೆದರಬೇಡಿ. ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಊರು, ತಾಲ್ಲೂಕಿನ ಪ್ರಕಾರ ಜೋಡಿಸಿಟ್ಟಿವೆ. ಬೇಲೂರು ತಾಲ್ಲೂಕಿನ ಸಂಪುಟ ತೆಗೆದು ನಿಮ್ಮ ವರ್ಷದ ಹತ್ತಿರದ ನಾಲ್ಕೈದು ಶಾಸನ ಓದಿ. ಹಳಗನ್ನಡ ಪೂರ್ತಿ ಬಿಡಿಸಲು ಆಗದಿದ್ದರೂ ಸಾರಾಂಶ ಸಿಗುತ್ತದೆ.

ಶುರುವಿನಲ್ಲಿ ರಾಜನ ಹೊಗಳಿಕೆ ಇರುತ್ತದೆ. ಅದನ್ನು ಬೇಗ ದಾಟಿ. ಕಥೆಗಾರರಿಗೆ ಚಿನ್ನ ಸಿಗುವುದು ಆಮೇಲೆ. ಯಾರು ಕೊಟ್ಟರು, ಏನು ಕೊಟ್ಟರು, ಯಾವ ದೀಪಕ್ಕೆ ಎಷ್ಟು ಎಣ್ಣೆ, ಯಾವ ಹೊಲದ ಗಡಿ ಎಲ್ಲಿ. ಗಡಿ ಹೇಳುವ ಸಾಲುಗಳನ್ನು ಬಿಡಲೇಬೇಡಿ. ಮೂಡಲಿಗೆ ಇಂಥ ಮರ, ತೆಂಕಲಿಗೆ ಇಂಥ ಕಲ್ಲು, ಪಡುವಲಿಗೆ ಕೆರೆಯ ಕೋಡಿ ಅಂತ ಅವರು ಹೇಳುತ್ತಾ ಹೋದಂತೆ ನಿಮ್ಮ ಪಾತ್ರಗಳು ಓಡಾಡುವ ನೆಲ ಕಣ್ಣಿಗೆ ಕಟ್ಟುತ್ತದೆ. ಕೊನೆಯಲ್ಲಿ ಶಾಪ ಇರುತ್ತದೆ. ಈ ದಾನ ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪ ತಟ್ಟಲಿ ಅಂತ. ಆ ಕಾಲದ ಜನ ಯಾವುದಕ್ಕೆ ಹೆದರುತ್ತಿದ್ದರು ಅಂತ ಇದಕ್ಕಿಂತ ಚೆನ್ನಾಗಿ ಯಾವುದೂ ಹೇಳುವುದಿಲ್ಲ.

ಹೆಸರುಗಳೂ ಇಲ್ಲೇ ಸಿಗುತ್ತವೆ. ಹೆಂಗಸರ ಹೆಸರು ಅಬ್ಬೆ, ಅವ್ವೆ, ಅಕ್ಕ ಎಂದು ಮುಗಿಯುತ್ತವೆ. ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲೆಯ ತಾಯಿಯ ಹೆಸರೇ ಮಾಚಿಕಬ್ಬೆ. ಕುಶಲಕರ್ಮಿಗಳು ಓಜರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ವ್ಯಾಪಾರಿಗಳು ಸೆಟ್ಟಿಗಳು, ಊರ ಮುಖ್ಯರು ಗಾವುಂಡರು, ಲೆಕ್ಕ ಬರೆಯುವವರು ಸೇನಬೋವರು. ನಾಯಕಿಗೆ ಈ ಕಾಲದ ಟಿವಿ ಧಾರಾವಾಹಿಯ ಹೆಸರಿಟ್ಟರೆ ಮೊದಲ ಪುಟದಲ್ಲೇ ಓದುಗ ನಂಬಿಕೆ ಕಳೆದುಕೊಳ್ಳುತ್ತಾನೆ.

ನಮ್ಮ ಕಥೆಯ ನಾಯಕಿ ನಾಗಿಯಕ್ಕ. ಗಾಣಿಗರ ಮಗಳು. ದೇವಾಲಯದ ನಂದಾದೀಪಕ್ಕೆ ಎಣ್ಣೆ ಹೋಗುವುದು ಅವಳ ಮನೆಯಿಂದ. ನಾಯಕ ಬೂಚ. ಒಬ್ಬ ಚಿಕ್ಕ ದಂಡನಾಯಕನ ಕೈಕೆಳಗಿನ ಯೋಧ. ಇಬ್ಬರೂ ಕಲ್ಪಿತ ಪಾತ್ರಗಳು. ದಂಡನಾಯಕನೂ ಕಲ್ಪಿತನೇ. ಗಂಗರಾಜನಂಥ ದಾಖಲೆಯಲ್ಲಿರುವ ವ್ಯಕ್ತಿಯನ್ನು ಹಿನ್ನೆಲೆಯಲ್ಲೇ ಇಡಿ. ಅವನ ಬದುಕನ್ನು ನಿಮ್ಮ ಕಥೆಗಾಗಿ ತಿರುಚುವ ಅಗತ್ಯ ಬರದ ಹಾಗೆ, ಅವನ ಕೆಳಗೆ ಒಬ್ಬ ಸಣ್ಣ ಒಡೆಯನನ್ನು ಹುಟ್ಟಿಸಿಕೊಳ್ಳಿ.

ಹೆಜ್ಜೆ 3: ತಡೆ ಹುಡುಕಿ. ಇದೇ ಇಡೀ ಕಾದಂಬರಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹತ್ತಿರ ಒಂದು ಕಂಬವಿದೆ. ಎರಡನೇ ವೀರಬಲ್ಲಾಳನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನೆನಪಿನದು. ಒಡೆಯ ಸತ್ತರೆ ನಾನೂ ಸಾಯುತ್ತೇನೆ ಅಂತ ಮೊದಲೇ ಮಾತು ಕೊಟ್ಟವರು ಆಗ ಇದ್ದರು. ಲೆಂಕರು, ವೇಳೆವಾಳಿಗಳು, ಗರುಡರು ಅಂತ ಅವರನ್ನು ಕರೆಯುತ್ತಿದ್ದರು. ಆ ಮಾತಿನ ಗುರುತಾಗಿ ಗರುಡರು ಎಡಗಾಲಿಗೆ ಗಂಡಪೆಂಡೆಯ ಅನ್ನುವ ಕಡಗ ತೊಡುತ್ತಿದ್ದರು. ಲಕ್ಷ್ಮನ ಹೆಂಡತಿಯೂ ಅವನ ಜೊತೆಗೆ ಹೋದಳು ಎಂದು ಶಾಸನ ಹೇಳುತ್ತದೆ.

ಈಗ ಯೋಚಿಸಿ. ಬೂಚ ತನ್ನ ದಂಡನಾಯಕನಿಗೆ ಇಂಥ ಮಾತು ಕೊಟ್ಟಿದ್ದಾನೆ. ನಾಗಿಯಕ್ಕನನ್ನು ನೋಡುವುದಕ್ಕೆ ಮೊದಲೇ. ಅದರ ಗುರುತಿನ ಪೆಂಡೆಯ ಮಾತ್ರ ಅವನ ಕಾಲಿಗೆ ಬೀಳುವುದು ಆಮೇಲೆ. ಅವನ ಜೀವ ಅವನದಲ್ಲ. ಅದನ್ನು ಇನ್ನೊಬ್ಬರಿಗೆ ಕೊಡಲು ಅವನಿಗೆ ಹಕ್ಕೇ ಇಲ್ಲ. ಮಾತು ಮುರಿದರೆ ಅವನ ಇಡೀ ಕುಲ ತಲೆ ತಗ್ಗಿಸಬೇಕು. ಇಲ್ಲಿ ಖಳನಾಯಕನೇ ಬೇಕಿಲ್ಲ.

ಈ ತಡೆಯ ಸೊಗಸು ಇನ್ನೂ ಒಳಗಿದೆ. ನಾಗಿಯಕ್ಕನ ಪ್ರೇಮಕ್ಕೆ ಅಡ್ಡ ಇರುವುದು ಆ ದಂಡನಾಯಕ. ಆದರೆ ಅವನು ಸತ್ತರೆ ಬೂಚನೂ ಸಾಯುತ್ತಾನೆ. ಅಂದರೆ ತನ್ನ ಬದುಕಿಗೆ ಅಡ್ಡ ನಿಂತವನೇ ನೂರು ವರ್ಷ ಬಾಳಲಿ ಅಂತ ಅವಳು ದೀಪ ಹಚ್ಚಬೇಕು. ಅವನಿಗೆ ಜ್ವರ ಬಂದರೆ ಇವಳ ನಿದ್ದೆ ಹಾರುತ್ತದೆ. ಅವನು ಯುದ್ಧದಲ್ಲಿ ಮುಂದೆ ನುಗ್ಗಿದನಂತೆ ಅನ್ನುವ ಸುದ್ದಿಗೆ ಊರೆಲ್ಲ ಹಿಗ್ಗಿದರೆ ಇವಳೊಬ್ಬಳು ನಡುಗುತ್ತಾಳೆ. ಇಂಥ ಸಂಕಟ ಈ ಕಾಲದ ಕಥೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲ. ಇದು ಸಿಕ್ಕಿದರೆ ನಿಮ್ಮ ಕಾದಂಬರಿ ಸಿಕ್ಕಿತು ಅಂತಲೇ ಲೆಕ್ಕ.

ಬೇರೆ ತಡೆಗಳೂ ಬೇಕಾದಷ್ಟಿವೆ. ಮನೆಯೊಳಗೇ ಎರಡು ಧರ್ಮ ಇರುತ್ತಿದ್ದವು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಸಲ್ಲೇಖನ, ಅಂದರೆ ಉಪವಾಸವಿದ್ದು ಪ್ರಾಣ ಬಿಡುವ ಜೈನ ವ್ರತ, ಕೈಗೊಳ್ಳಲು ಹೊರಟ ಹೆಂಡತಿಯನ್ನು ಪ್ರೀತಿಸುವ ಗಂಡನ ಕಥೆ ಬರೆಯಬಹುದು. ಗಂಗರಾಜ ತನ್ನ ಹೆಂಡತಿ ಲಕ್ಷ್ಮಿಯನ್ನು ಹಾಗೆಯೇ ಕಳೆದುಕೊಂಡು ಶ್ರವಣಬೆಳಗೊಳದಲ್ಲಿ ಅವಳ ನೆನಪಿಗೆ ಶಾಸನ ನಿಲ್ಲಿಸಿದ. ಬಹುಪತ್ನಿತ್ವ ಇನ್ನೊಂದು ಗಂಟು. ಶಾಂತಲೆಯ ಬಿರುದುಗಳಲ್ಲಿ ಒಂದು "ಉದ್ವೃತ್ತ ಸವತಿ ಗಂಧವಾರಣೆ". ಸೊಕ್ಕಿದ ಸವತಿಯರಿಗೆ ಮದದಾನೆ ಇದ್ದಂತೆ ಅಂತ. 1123ರಲ್ಲಿ ಅವಳು ಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು, ಸವತಿಗಂಧವಾರಣ ಬಸದಿ. ಪಟ್ಟದ ರಾಣಿ ಹೆಮ್ಮೆಯಿಂದ ಇಟ್ಟುಕೊಂಡ ಬಿರುದಿನಲ್ಲೇ ಅರಮನೆಯ ಒಳಗಿನ ಬಿಸಿ ಗೊತ್ತಾಗುತ್ತದೆ.

ತಡೆ ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಇದೇ ಕಥೆಯನ್ನು ಇವತ್ತಿನ ಬೆಂಗಳೂರಿಗೆ ತಂದರೆ ನಡೆಯುತ್ತದೆಯೇ? ನಡೆಯುತ್ತದೆ ಅನ್ನಿಸಿದರೆ ಇನ್ನೂ ಹುಡುಕಿ.

ಹೆಜ್ಜೆ 4: ದಂತಕಥೆ ಯಾವುದು, ದಾಖಲೆ ಯಾವುದು

ಬೇಲೂರು ಅಂದರೆ ಜಕಣಾಚಾರಿ ನೆನಪಾಗುತ್ತಾನೆ. ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ, ಕಪ್ಪೆ ಚೆನ್ನಿಗರಾಯ. ಚಂದದ ಕಥೆ. ಆದರೆ ಬೇಲೂರಿನಲ್ಲಿ ಹೆಸರು ಕೆತ್ತಿದ ಶಿಲ್ಪಿಗಳ ಸಾಲಿನಲ್ಲಿ ಅವನಿಲ್ಲ. ಕನ್ನಡಿ ಹಿಡಿದ ದರ್ಪಣ ಸುಂದರಿ ಶಿಲ್ಪಕ್ಕೆ ಶಾಂತಲೆಯೇ ಮಾದರಿಯಾಗಿ ನಿಂತಳು ಅನ್ನುವುದಕ್ಕೂ ಶಾಸನದ ಆಧಾರವಿಲ್ಲ. ರಾಮಾನುಜರಿಂದ ರಾಜ ಮತ ಬದಲಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆಮೇಲೂ ಅವನ ರಾಜ್ಯದಲ್ಲಿ ಬಸದಿಗಳಿಗೆ ದಾನ ನಡೆದೇ ಇತ್ತು, ಪಟ್ಟದ ರಾಣಿ ಜೈನಳಾಗಿಯೇ ಉಳಿದಳು, ಮುಖ್ಯ ದಂಡನಾಯಕನೂ ಜೈನನೇ.

ಶಾಂತಲೆಯ ಸಾವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಹಿಂದೆಯೇ ತಾಯಿ ಬೆಳಗೊಳದಲ್ಲಿ ಸಲ್ಲೇಖನ ಮಾಡಿದಳು ಎಂದು ಶಾಸನ ಹೇಳುತ್ತದೆ. ಮಕ್ಕಳಿಲ್ಲದ ಕೊರಗಿಗೆ ಬೆಟ್ಟದಿಂದ ಹಾರಿದಳು ಅನ್ನುವುದು ಜನರ ಬಾಯಲ್ಲಿ ಬೆಳೆದ ಮಾತು. ಆಡಳಿತ, ಕಲೆ, ಧರ್ಮ ಎಲ್ಲದರಲ್ಲೂ ಹೆಸರು ಮಾಡಿದ ಹೆಂಗಸಿನ ಸಾವಿಗೆ ಅಷ್ಟೊಂದು ಅಗ್ಗದ ಕಾರಣ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ದಂತಕಥೆ ಬಿಟ್ಟುಬಿಡಬೇಕಿಲ್ಲ. ಪಾತ್ರಗಳ ಬಾಯಲ್ಲಿ ಗಾಳಿಸುದ್ದಿಯಾಗಿ ಹಾಕಿ. "ರಾಣಿಯೇ ಕನ್ನಡಿ ಹಿಡಿದು ನಿಂತಳಂತೆ" ಅಂತ ಗಾಣದ ಮನೆಯಲ್ಲಿ ಯಾರೋ ಹೇಳಲಿ, ಇನ್ನೊಬ್ಬರು ನಗಲಿ. ನಿರೂಪಕ ಮಾತ್ರ ಅದನ್ನು ನಿಜ ಅಂತ ಹೇಳಬಾರದು.

ಹೆಜ್ಜೆ 5: ಆಗ ಏನು ಇರಲಿಲ್ಲ ಅನ್ನುವ ಪಟ್ಟಿ ಮಾಡಿ

ಇದ್ದದ್ದನ್ನು ಬರೆಯುವುದು ಸುಲಭ. ಇಲ್ಲದ್ದು ನಮಗೆ ಗೊತ್ತಿಲ್ಲದೆ ನುಸುಳುತ್ತದೆ. ಅಡುಗೆಮನೆಯಿಂದಲೇ ಶುರು ಮಾಡಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಮೆಕ್ಕೆಜೋಳ, ಪರಂಗಿಹಣ್ಣು, ಸೀಬೆಹಣ್ಣು ಯಾವುದೂ ಇರಲಿಲ್ಲ. ಎಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಬಂದವು. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ. ಅನ್ನ, ರಾಗಿ, ಜೋಳ, ಉದ್ದು, ಹೆಸರು, ಎಳ್ಳು, ಬೆಲ್ಲ, ತುಪ್ಪ, ಮೊಸರು ಇದ್ದವು. ಇಡ್ಲಿ ಇತ್ತು, ಆದರೆ ಉದ್ದಿನದು. ಹೆಚ್ಚು ಬೇಕಾದವರು ಚಾಲುಕ್ಯ ಮೂರನೇ ಸೋಮೇಶ್ವರನ ಮಾನಸೋಲ್ಲಾಸದ ಅಡುಗೆಯ ಭಾಗ ಮತ್ತು 11ನೇ ಶತಮಾನದ ಕನ್ನಡ ಕೃತಿ ಲೋಕೋಪಕಾರ ನೋಡಿ. ಅಡುಗೆ, ಸುಗಂಧ, ಕೃಷಿ, ನೀರು ಹುಡುಕುವ ವಿಧಾನ ಎಲ್ಲ ಸಿಗುತ್ತದೆ.

ಆಮೇಲೆ ಹೂವು. ಪ್ರೇಮಕಥೆ ಅಂದಮೇಲೆ ಹೂ ಬಂದೇ ಬರುತ್ತದೆ. ಚೆಂಡು ಹೂ ಬೇಡ, ಅದೂ ಅಮೆರಿಕದ್ದೇ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು. ಸಂಪಿಗೆ, ಮಲ್ಲಿಗೆ, ಕೇದಗೆ, ಸುರಗಿ, ರಂಜದ ಹೂ ಧಾರಾಳವಾಗಿ ಮುಡಿಸಿ.

ಬೇಲೂರಿನ ಸುತ್ತ ಈಗ ಎಲ್ಲಿ ನೋಡಿದರೂ ಕಾಫಿ ತೋಟ. ಆ ದೃಶ್ಯವನ್ನು ಕಣ್ಣಿನಿಂದ ಅಳಿಸಿ. ಕಾಫಿ ಬಂದದ್ದು 17ನೇ ಶತಮಾನದಲ್ಲಿ, ಬಾಬಾಬುಡನ್ ತಂದರು ಎಂದು ಪ್ರತೀತಿ. ತೋಟದ ನೆರಳಿಗೆ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಲಿಯ ಲಂಟಾನ ಕೂಡ ಹೊರಗಿನದೇ. ಅಲ್ಲೆಲ್ಲ ದಟ್ಟ ಕಾಡು, ಆನೆ, ಹುಲಿ ಇಡಿ.

ದೇವಾಲಯವನ್ನೂ ಈಗ ಇದ್ದಂತೆ ಬರೆಯಬೇಡಿ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬೇಲೂರಿನ ಒಳಗೆ ಈಗ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಆದರೆ ಕಂಬಗಳ ನಡುವಿನ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಬಂದದ್ದು ವಿಷ್ಣುವರ್ಧನನ ಮೊಮ್ಮಗ ಎರಡನೇ ವೀರಬಲ್ಲಾಳನ ಕಾಲದಲ್ಲಿ. 1117ರಲ್ಲಿ ಆ ಮಂಟಪ ತೆರೆದೇ ಇತ್ತು. ಬೆಳಗಿನ ಬಿಸಿಲು ನೇರವಾಗಿ ಹೊಳೆಯುವ ಕಂಬಗಳ ಮೇಲೆ ಬೀಳುತ್ತಿತ್ತು. ಕತ್ತಲ ಮಂಟಪದಲ್ಲಿ ಕದ್ದು ಭೇಟಿ ಆಗುವ ದೃಶ್ಯ ನೀವು ಬರೆದಿದ್ದರೆ ಅದು ಹೋಯಿತು. ಬದಲಿಗೆ ಎಲ್ಲರ ಕಣ್ಣೆದುರು, ಹಗಲ ಬೆಳಕಿನಲ್ಲಿ, ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುವ ದೃಶ್ಯ ಬರೆಯಬೇಕು. ಅದು ಇನ್ನೂ ಚೆನ್ನ.

ಬಾಗಿಲ ಮೇಲಿನ ಎತ್ತರದ ಗೋಪುರವೂ ಆಗ ಇರಲಿಲ್ಲ, ಅದು ವಿಜಯನಗರದ ಕಾಲದ್ದು. ದೇವರನ್ನು ಆಗ ಕರೆದದ್ದು ವಿಜಯನಾರಾಯಣ ಎಂದು. ಹೊಯ್ಸಳೇಶ್ವರ ದೇವಾಲಯ ಇನ್ನೂ ಶುರುವೇ ಆಗಿರಲಿಲ್ಲ. ಹಳೇಬೀಡು ಅನ್ನುವ ಹೆಸರೂ ಇಲ್ಲ, ಅದು ದೋರಸಮುದ್ರ. ಕಲ್ಲು ಕೆತ್ತುವ ಸದ್ದು ಮಾತ್ರ ಎಲ್ಲೆಲ್ಲೂ ಇರಲಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು.

ಪಟಾಕಿ ಇಲ್ಲ, ತೋಪು ಇಲ್ಲ. ಪಿಟೀಲು, ಹಾರ್ಮೋನಿಯಂ ಇಲ್ಲ. ಗಾಜಿನ ಕನ್ನಡಿ ಬೇಡ, ಉಜ್ಜಿ ಹೊಳಪಿಸಿದ ಲೋಹದ್ದು ಕೊಡಿ. ಪ್ರೇಮಪತ್ರ ಕಾಗದದ ಮೇಲಲ್ಲ, ಓಲೆಗರಿಯ ಮೇಲೆ. ಕಬ್ಬಿಣದ ಕಂಟದಿಂದ ಗೀಚಿ, ಮಸಿ ಸವರಿ, ಒರೆಸಿದರೆ ಅಕ್ಷರ ಕಾಣುತ್ತದೆ. ಮಸಿ ಸವರದೆ ಕಳಿಸಿದ ಓಲೆ ನೋಡಿದವರಿಗೆ ಖಾಲಿ ಗರಿಯಂತೆಯೇ ಇರುತ್ತದೆ. ಎಣ್ಣೆ, ದೀಪದ ಕಪ್ಪು ಎರಡೂ ಕೈಗೆಟುಕುವ ಗಾಣಿಗರ ಹುಡುಗಿಗೆ ಇದಕ್ಕಿಂತ ಒಳ್ಳೆಯ ಗುಟ್ಟು ಬೇಕೇ?

ಹೆಜ್ಜೆ 6: ಹೊತ್ತು, ದಾರಿ, ಮಳೆ

ನಿಮಿಷ, ಗಂಟೆ ಮರೆತುಬಿಡಿ. ಹಗಲು ರಾತ್ರಿ ಸೇರಿ 60 ಗಳಿಗೆ, ಒಂದು ಗಳಿಗೆ 24 ನಿಮಿಷ. ಒಂದು ಜಾವ ಸುಮಾರು ಮೂರು ಗಂಟೆ. ಬೇಲೂರಿನಿಂದ ದೋರಸಮುದ್ರ 16 ಕಿಲೋಮೀಟರ್. ಚುರುಕಾಗಿ ನಡೆದರೂ ಒಂದು ಜಾವಕ್ಕೂ ಸ್ವಲ್ಪ ಜಾಸ್ತಿ. ಎತ್ತಿನ ಗಾಡಿ ದಿನಕ್ಕೆ 20-25 ಕಿಲೋಮೀಟರ್ ಹೋದರೆ ಹೆಚ್ಚು. ಹಾಗಾಗಿ ತಲಕಾಡಿನಿಂದ ಗಾಡಿಯಲ್ಲಿ ಸುದ್ದಿ ಬರಲು ವಾರದ ಮೇಲೆ ಬೇಕು. ಈ ವಾರ ಪ್ರೇಮಕಥೆಗೆ ತುಂಬಾ ಬೆಲೆಯುಳ್ಳದ್ದು. ಬೂಚ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದೆ ನಾಗಿಯಕ್ಕ ಗಾಣ ತಿರುಗಿಸುವ ದಿನಗಳು ಅವು. ಒಂದು ಇಡೀ ಅಧ್ಯಾಯ ಅಲ್ಲೇ ಇದೆ.

ಮಲೆನಾಡಿನ ಅಂಚಿನಲ್ಲಿ ಆಷಾಢ, ಶ್ರಾವಣದ ಮಳೆ ಸಾಮಾನ್ಯದ್ದಲ್ಲ. ಬೇಲೂರಿನ ಯಗಚಿ ಹೊಳೆ ತುಂಬಿ ಹರಿಯುತ್ತದೆ, ದಾರಿ ಕೆಸರಾಗುತ್ತದೆ. ದಂಡು ಹೊರಡುವುದು ಸಾಮಾನ್ಯವಾಗಿ ವಿಜಯದಶಮಿಯ ನಂತರ, ಮರಳುವುದು ಮುಂದಿನ ಮಳೆಗೆ ಮುಂಚೆ. ಅಂದರೆ ಯೋಧನ ಪ್ರೇಮಕ್ಕೆ ಸಿಗುವುದೇ ಮಳೆಗಾಲ. ನಿಮ್ಮ ಅಧ್ಯಾಯಗಳನ್ನು ಈ ಕ್ಯಾಲೆಂಡರ್ ಮೇಲೆ ಹಾಸಿ ನೋಡಿ. ಯಾವಾಗ ಹತ್ತಿರ, ಯಾವಾಗ ದೂರ ಅಂತ ಋತುವೇ ತೀರ್ಮಾನಿಸುತ್ತದೆ.

ಹಣದ ವಿಷಯ ಬಂದರೆ ಗದ್ಯಾಣ, ಪಣ, ಹಾಗ. ಅಳತೆಗೆ ಖಂಡುಗ, ಕೊಳಗ, ಮಾನ. ಭೂಮಿಗೆ ಮತ್ತರು, ಕಮ್ಮ. ಹೆಚ್ಚು ವಿವರಿಸಬೇಡಿ. "ಎರಡು ಕೊಳಗ ಎಣ್ಣೆ" ಅಂದರೆ ಓದುಗರಿಗೆ ಅರ್ಥವಾಗುತ್ತದೆ.

ಹೆಜ್ಜೆ 7: ಪಾತ್ರಗಳು ಯಾವ ಕನ್ನಡ ಮಾತಾಡಬೇಕು

ಹಳಗನ್ನಡದಲ್ಲಿ ಬರೆದರೆ ಯಾರೂ ಓದುವುದಿಲ್ಲ. ಪೌರಾಣಿಕ ನಾಟಕದ ಭಾಷೆಯಲ್ಲಿ ಬರೆದರೆ ಪ್ರೇಮ ಹುಟ್ಟುವುದಿಲ್ಲ. "ಪ್ರಾಣೇಶ್ವರಿ, ನಿನ್ನ ವಿರಹವನ್ನು ಸಹಿಸಲಾರೆ" ಅಂತ ಗಾಣದ ಮುಂದೆ ನಿಂತ ಯೋಧ ಹೇಳುವುದಿಲ್ಲ. ಸರಳ ಕನ್ನಡವೇ ಸಾಕು. ಸಂಭಾಷಣೆಯಲ್ಲಿ ಆಮೇಲೆ ಬಂದ ಪದಗಳನ್ನು ಮಾತ್ರ ಹೆಕ್ಕಿ ತೆಗೆಯಿರಿ. ದರ್ಬಾರಿನ ಬದಲು ಓಲಗ, ಸಿಪಾಯಿಯ ಬದಲು ಕಾಲಾಳು, ಸವಾರನ ಬದಲು ರಾವುತ, ಖುಷಿಯ ಬದಲು ಹಿಗ್ಗು, ತಯಾರಿಯ ಬದಲು ಅಣಿ. ಇಷ್ಟು ಮಾಡಿದರೆ ಸಾಕು, ಹಳೆಯ ಗಾಳಿ ತಾನಾಗಿ ಬೀಸುತ್ತದೆ.

ಉದ್ಧರಣೆಗಳಲ್ಲೂ ಜಾಗ್ರತೆ. 1117ರಲ್ಲಿ ಬಸವಣ್ಣನ ವಚನ ಯಾರ ಬಾಯಲ್ಲೂ ಇರಲು ಸಾಧ್ಯವಿಲ್ಲ. ದಾಸರ ಪದಗಳಿಗೆ ಇನ್ನೂ ನೂರಾರು ವರ್ಷ ಇದೆ. ಪಂಪ, ರನ್ನರ ಕಾವ್ಯ ಓದಿಸಬಹುದು.

ಈಗ ಒಂದು ದೃಶ್ಯ. ಬೂಚನ ಆಣೆಯ ವಿಷಯ ನಾಗಿಯಕ್ಕನಿಗೆ ಗೊತ್ತಾಗುವ ಕ್ಷಣ. ಮೊದಲ ಕರಡು ಹೀಗಿರಬಹುದು:

"ಚೆಂಡು ಹೂ ಮುಡಿದ ನಾಗಿಯಕ್ಕ ಓಡಿ ಬಂದಳು. 'ಒಂದು ನಿಮಿಷ ನಿಲ್ಲು ಬೂಚ! ನೀನು ದಂಡನಾಯಕನಿಗಾಗಿ ಸಾಯುವ ಪ್ರತಿಜ್ಞೆ ಮಾಡಿದೆಯಂತೆ. ಹಾಗಾದರೆ ನನ್ನ ಗತಿಯೇನು? ನಮ್ಮ ಪ್ರೀತಿಗೆ ಬೆಲೆಯೇ ಇಲ್ಲವೇ?' ಅವಳ ಕಣ್ಣಿಂದ ನೀರು ಧಾರೆಯಾಗಿ ಸುರಿಯಿತು."

ಹೂ ತಪ್ಪು, ನಿಮಿಷ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದು. ಗಾಣದ ಮನೆ, ಎಣ್ಣೆ, ಎಡಗಾಲಿನ ಪೆಂಡೆಯ ಇಷ್ಟೆಲ್ಲ ಕೈಯಲ್ಲಿರುವಾಗ ಮಾತು ಯಾಕೆ ಬೇಕು? ತಿದ್ದಿದ ಮೇಲೆ:

"ಎತ್ತು ನಿಂತಿತು. ನಾಗಿಯಕ್ಕ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಎಡಗಾಲಲ್ಲಿ ಹೊಸ ಪೆಂಡೆಯ.

'ಎಂದು ತೊಡಿಸಿದರು?'

'ನಿನ್ನೆ. ದೀಪ ಹಚ್ಚುವ ಹೊತ್ತಿಗೆ.'

'ಭಾರವೇ?'

'ನಡೆಯಬಹುದು.'

ಅವಳು ಕೊಳಗಕ್ಕೆ ಎಣ್ಣೆ ಸುರಿದಳು. ಅಂಚು ಮೀರಿ ಹರಿಯಿತು. ಒರೆಸಲಿಲ್ಲ.

'ಪಾಳೆಯಕ್ಕೆ ಎಷ್ಟು ಕೊಳಗ ಬೇಕಂತೆ?' ಎಂದಳು."

ಒಂದು ಹನಿ ಎಣ್ಣೆಯನ್ನೂ ಲೆಕ್ಕ ಇಡುವ ಮನೆಯ ಹುಡುಗಿ ಚೆಲ್ಲಿದ ಎಣ್ಣೆ ಒರೆಸದೆ ನಿಂತಳು. ಅಷ್ಟು ಸಾಕು. ಪೆಂಡೆಯ ಅಂದರೆ ಏನು ಅಂತ ಹಿಂದಿನ ಯಾವುದೋ ಅಧ್ಯಾಯದಲ್ಲಿ ಓದುಗನಿಗೆ ಹೇಳಿಟ್ಟಿರಬೇಕು. ಈ ದೃಶ್ಯದಲ್ಲಿ ವಿವರಣೆ ಕೊಡಲು ಹೋದರೆ ಎಲ್ಲ ಕೆಡುತ್ತದೆ.

ಹೆಜ್ಜೆ 8: ನಾಯಕಿಗೆ ಕೈಕಾಲು ಕೊಡಿ

ಆ ಕಾಲದ ಹೆಣ್ಣು ಅಂದರೆ ಬರೀ ಕಾಯುವವಳು, ಅಳುವವಳು ಅಂತ ಬರೆಯುವುದು ಸೋಮಾರಿತನ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಚಾಲುಕ್ಯರ ಅಕ್ಕಾದೇವಿ ನಾಡು ಆಳಿದಳು, ಕೋಟೆ ಮುತ್ತಿದಳು. ದಾನ ಕೊಟ್ಟ ಹೆಂಗಸರ ಹೆಸರು ಶಾಸನಗಳ ತುಂಬ ಇದೆ. ಅದೇ ಹೊತ್ತಿಗೆ ನಾಗಿಯಕ್ಕನ ಬಾಯಲ್ಲಿ ಇವತ್ತಿನ ಸ್ತ್ರೀವಾದದ ಭಾಷಣ ಹಾಕಬೇಡಿ. ಅವಳ ಬಲ ಅವಳ ಕೆಲಸದಲ್ಲಿರಲಿ. ದೇವಾಲಯದ ದೀಪ ಅವಳ ಮನೆಯ ಎಣ್ಣೆಯಿಂದ ಉರಿಯುತ್ತದೆ. ಅವಳಿಗೆ ಒಳಗಿನ ಸುದ್ದಿ ಗೊತ್ತು, ಸೇನಬೋವನ ಲೆಕ್ಕ ಗೊತ್ತು.

ಪ್ರೇಮದ ದೃಶ್ಯಗಳಲ್ಲಿ ಇಬ್ಬರೂ ಪ್ರಾಯಕ್ಕೆ ಬಂದವರು, ಇಬ್ಬರಿಗೂ ಮನಸ್ಸಿದೆ ಅನ್ನುವುದು ಸ್ಪಷ್ಟವಿರಲಿ. ನಮ್ಮ ಶೃಂಗಾರ ಪರಂಪರೆ ಸೂಚನೆಯದ್ದು. ತಾಂಬೂಲ ಮಡಿಸಿ ಕೊಡುವ ಬೆರಳು, ಶ್ರೀಗಂಧದ ವಾಸನೆ, ಬಿಚ್ಚಿದ ಜಡೆ ಸಾಕು. ದೇವಾಲಯದ ಮದನಿಕೆ ಶಿಲ್ಪಗಳನ್ನು ನೋಡಿ ಉಡುಗೆ ಬರೆಯುವಾಗ ನೆನಪಿಡಿ, ಅದು ಆದರ್ಶದ ಚೆಲುವು. ಗಾಣದಲ್ಲಿ ದುಡಿಯುವ ಹುಡುಗಿ ಅಷ್ಟು ಆಭರಣ ತೊಡುವುದಿಲ್ಲ.

ಗಂಡನ ಜೊತೆ ಪ್ರಾಣ ಬಿಟ್ಟ ಹೆಂಗಸರ ನೆನಪಿನ ಮಾಸ್ತಿಕಲ್ಲುಗಳ ಬಗ್ಗೆ ಒಂದು ಮಾತು. ಬಳೆ ತೊಟ್ಟು ಎತ್ತಿದ ಆ ಕಲ್ಲಿನ ಕೈಯನ್ನು ಪ್ರೇಮದ ಗೆಲುವು ಅಂತ ದಯವಿಟ್ಟು ಬರೆಯಬೇಡಿ. ಕುವರ ಲಕ್ಷ್ಮನ ಹೆಂಡತಿಯ ಸಾವನ್ನೂ ಹಾಗೆ ಬಣ್ಣಿಸಬೇಡಿ. ಆ ಸಮಾಜ ಅದನ್ನು ಹೊಗಳಿತು ಅಂತ ತೋರಿಸಿ. ಹೊಗಳುವ ಕೆಲಸ ನಾವು ಮಾಡಬೇಕಿಲ್ಲ.

ಹೆಜ್ಜೆ 9: ಅಂತ್ಯ

ಪ್ರೇಮ ಕಾದಂಬರಿಯ ಓದುಗರು ಇಬ್ಬರೂ ಸೇರುತ್ತಾರೆ ಅನ್ನುವ ಆಸೆಯಿಂದ ಪುಟ ತಿರುಗಿಸುತ್ತಾರೆ. ದುರಂತ ಬರೆಯಬಾರದು ಅಂತಲ್ಲ. ಆದರೆ ಸೇರಿಸುವುದಾದರೆ ದಾರಿ ಆ ಕಾಲದ್ದೇ ಆಗಿರಬೇಕು. ರಾತ್ರೋರಾತ್ರಿ ಓಡಿಹೋದರು ಅಂದರೆ ಬೂಚನ ಮಾತು ಮುರಿಯಿತು, ಅವನ ಮೇಲಿನ ಗೌರವವೂ ಹೋಯಿತು.

ಇಲ್ಲಿ ಇತಿಹಾಸವೇ ಸಹಾಯಕ್ಕೆ ಬರುತ್ತದೆ. ಕಣ್ಣೇಗಾಲದ ಗೆಲುವಿನ ನಂತರ ರಾಜ ಗಂಗರಾಜನಿಗೆ ಬೇಕಾದ್ದು ಕೇಳು ಅಂದ. ಗಂಗರಾಜ ತನಗಾಗಿ ಏನೂ ಕೇಳದೆ, ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಒಂದು ಊರನ್ನು ದತ್ತಿಯಾಗಿ ಪಡೆದ. ಗೆದ್ದವನಿಗೆ ವರ ಕೇಳುವ ಅವಕಾಶ ಆ ಲೋಕದಲ್ಲಿತ್ತು. ನಮ್ಮ ಕಲ್ಪಿತ ದಂಡನಾಯಕ ಅದೇ ರಾತ್ರಿ ದಾಳಿಯಲ್ಲಿ ಬೂಚನಿಂದ ಬದುಕುಳಿದು, ಅದೇ ರೀತಿ ಬೂಚನಿಗೆ ಕೇಳು ಅಂದರೆ? ಬೂಚ ತನ್ನ ಮಾತನ್ನು ವಾಪಸ್ ಕೇಳುತ್ತಾನಾ? ಕೇಳಿದರೆ ಅದು ಹೇಡಿತನವಾ? ಅವನು ಕೇಳದೇ ಇದ್ದಾಗ ದಂಡನಾಯಕನೇ ಪೆಂಡೆಯ ಬಿಚ್ಚಬಹುದಾ? ಈ ಮೂರು ಪ್ರಶ್ನೆಗೂ ಒಂದೊಂದು ಕರಡು ಬರೆದು ನೋಡಿ. ನನ್ನ ಮನಸ್ಸು ಮೂರನೆಯದರ ಕಡೆಗಿದೆ. ಆದರೆ ಅದು ನಂಬುವಂತಿರಲು ದಂಡನಾಯಕ ಮೊದಲಿನಿಂದಲೂ ಮನುಷ್ಯನಾಗಿ ಬೆಳೆದಿರಬೇಕು. ನಾಗಿಯಕ್ಕನ ಮನೆಯ ಎಣ್ಣೆಯ ಲೆಕ್ಕ ಅವನಿಗೆ ಗೊತ್ತಿರಬೇಕು, ಅವಳು ಅವನಿಗಾಗಿ ದೀಪ ಹಚ್ಚಿದ್ದು ಅವನ ಕಿವಿಗೆ ಬಿದ್ದಿರಬೇಕು.

ಹೆಜ್ಜೆ 10: ತಿದ್ದುವುದು ಮತ್ತು ಕಳಿಸುವುದು

ಮೊದಲ ಕರಡು ಬರೆಯುವಾಗ ಮಾಹಿತಿಗಾಗಿ ನಿಲ್ಲಬೇಡಿ. ಗೊತ್ತಿಲ್ಲದ ಕಡೆ ಒಂದು ಗುರುತು ಹಾಕಿ ಮುಂದೆ ಹೋಗಿ. ಮುಗಿದ ಮೇಲೆ ಮೂರು ಸಲ ಓದಿ. ಒಂದು ಸಲ ವಸ್ತುಗಳಿಗಾಗಿ, ಒಂದು ಸಲ ಪದಗಳಿಗಾಗಿ, ಒಂದು ಸಲ ಗಟ್ಟಿಯಾಗಿ ಸಂಭಾಷಣೆಗಾಗಿ. ಕಷ್ಟಪಟ್ಟು ಹುಡುಕಿದ ಮಾಹಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿ ಬಿದ್ದುಹೋಗುತ್ತದೆ. ಬೀಳಲಿ. ದೃಶ್ಯದಲ್ಲಿ ಯಾರ ಕೈಗೂ ಸಿಗದ ವಿವರಕ್ಕೆ ಪುಟದಲ್ಲಿ ಜಾಗವಿಲ್ಲ.

ಬರೆಯುವ ಮೊದಲು ಅಥವಾ ತಿದ್ದುವಾಗ ಒಮ್ಮೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿ ಬನ್ನಿ. ಬೇಲೂರು, ಹಳೇಬೀಡು 2023ರಿಂದ ಸೋಮನಾಥಪುರದ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ಜನ ಜಾಸ್ತಿ. ಬೆಳಗ್ಗೆ ಬೇಗ ಹೋಗಿ, ಯಾವ ಕಂಬದ ಮೇಲೆ ಬಿಸಿಲು ಯಾವಾಗ ಬೀಳುತ್ತದೆ ಅಂತ ಬರೆದುಕೊಳ್ಳಿ. ಹೊರದೇಶದಲ್ಲಿರುವವರು ಶಿಲ್ಪಗಳ ಫೋಟೊ, ನಕ್ಷೆ ಇಟ್ಟುಕೊಂಡು ಕೆಲಸ ಮಾಡಬಹುದು.

ಪ್ರಕಟಣೆಗೆ ವಾರಪತ್ರಿಕೆಗಳ ಧಾರಾವಾಹಿ ವಿಭಾಗ ಇದೆ, ಪ್ರತಿಲಿಪಿಯಂಥ ಆ್ಯಪ್ ಇದೆ, ಪ್ರಕಾಶಕರಿದ್ದಾರೆ. ಧಾರಾವಾಹಿಯಾಗಿ ಹೋಗುವುದಾದರೆ ಪ್ರತಿ ಕಂತಿನ ಕೊನೆಗೆ ಒಂದು ಹೊಸ ಸುದ್ದಿ ಬರಬೇಕು. ದಂಡು ಹೊರಟಿತು, ಹೊಳೆ ತುಂಬಿತು, ಓಲೆ ಬಂತು. ಪುಸ್ತಕವಾದರೆ ಕೊನೆಯಲ್ಲಿ ಲೇಖಕರ ಟಿಪ್ಪಣಿ ಹಾಕಿ. ಗಂಗರಾಜ, ಶಾಂತಲೆ, ತಲಕಾಡು, ಕಣ್ಣೇಗಾಲ ದಾಖಲೆಯವು. ನಾಗಿಯಕ್ಕ, ಬೂಚ, ಅವನ ದಂಡನಾಯಕ ನನ್ನ ಕಲ್ಪನೆಯವರು. ಇಷ್ಟನ್ನು ಒಂದೇ ಪುಟದಲ್ಲಿ ಸರಳವಾಗಿ ಹೇಳಿ. ನಿಮ್ಮ ಕಾದಂಬರಿ ಓದಿಯೇ ಇತಿಹಾಸ ತಿಳಿಯುವವರು ಇರುತ್ತಾರೆ, ಅವರಿಗೆ ಆ ಒಂದು ಪುಟ ಬೇಕು.